ಮೊಳಕಾಲು ನೋವಿಗೆ ಗಿಡಮೂಲಿಕೆ ಕ್ಯಾಪ್ಸೂಲ್: ಎಂಟು ವಾರ ಹೀಗೆ ಮಾಡಿ ನೋಡಿ

ತೇರದಾಳ, ಮಹಾಲಿಂಗಪುರದ ಕಡೆ ಅರಿಸಿನ ಕುದಿಸುವ ದಿನಗಳಲ್ಲಿ ರಸ್ತೆಗೆಲ್ಲ ಅದರದೇ ವಾಸನೆ. ಅಂಥ ಹೊಲದಲ್ಲಿ ಮೂವತ್ತು ವರ್ಷ ಕುಕ್ಕರುಗಾಲಲ್ಲಿ ಕೂತು ಕಸ ತೆಗೆದ ನಮ್ಮ ಅವ್ವನಿಗೆ ಈಗ ಎರಡೂ ಮೊಳಕಾಲು ನೋವು. ಕೀಲಿನೊಳಗಿನ ಮೆತ್ತನೆಯ ಪದರ ಸವೆದಿದೆ ಎಂದರು ವೈದ್ಯರು. ಅಂಗಡಿಯಲ್ಲಿ ಅರಿಸಿನದ ಕ್ಯಾಪ್ಸೂಲ್ ಕಂಡಾಗ ಅವ್ವ ಕೇಳಿದ್ದು ಒಂದೇ ಮಾತು: "ಅರಿಸಿನ ನಮ್ಮ ಹೊಲದ್ದೇ ಐತಿ, ರೊಕ್ಕ ಕೊಟ್ಟು ಯಾಕ ತಗೋಬೇಕು?"

ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಕೊಡುತ್ತೇನೆ, ಆದರೆ ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಎರಡಿವೆ.

ಮೊದಲು, ನೋವು ಯಾವುದು ಅಂತ ತಿಳಿಯಿರಿ

ಸವೆತದ ನೋವು ನಡೆದಾಗ, ಮೆಟ್ಟಿಲು ಹತ್ತಿ ಇಳಿದಾಗ ಜಾಸ್ತಿ. ಕೂತರೆ ಕಡಿಮೆ. ಬೆಳಿಗ್ಗೆ ಎದ್ದಾಗ ಕಾಲು ಬಿಗಿಯಾಗಿರುತ್ತದೆ, ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಗೋಳಗುಮ್ಮಟದ ಕಡಿದಾದ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವ ಹಿರಿಯರನ್ನು ನೋಡಿದ್ದೀರಲ್ವಾ, ಅವರಲ್ಲಿ ಬಹಳ ಜನರದು ಇದೇ ನೋವು.

ಬಿಗಿತ ಒಂದು ಗಂಟೆ ಮೀರಿದರೆ, ಕೈಬೆರಳ ಸಣ್ಣ ಕೀಲುಗಳೂ ಊದಿಕೊಂಡರೆ, ಮೊಳಕಾಲು ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅದು ಬೇರೆ ರೋಗ ಇರಬಹುದು. ಆಗ ಕ್ಯಾಪ್ಸೂಲ್ ಹುಡುಕುತ್ತಾ ಕೂಡಬೇಡಿ. ಅವತ್ತೇ ವೈದ್ಯರ ಹತ್ತಿರ ಹೋಗಿ.

ಮನೆಯ ಗುಳಿಗೆಗಳನ್ನೆಲ್ಲ ಒಂದು ತಾಟಿನಲ್ಲಿಡಿ

ಬಿಪಿ, ಸಕ್ಕರೆ ಕಾಯಿಲೆ, ಥೈರಾಯ್ಡ್, ಹೃದಯ, ಯಾವುದಕ್ಕೇ ಇರಲಿ, ದಿನಾ ನುಂಗುವ ಗುಳಿಗೆಗಳನ್ನೆಲ್ಲ ತಂದಿಡಿ. ರಕ್ತ ತೆಳುವಾಗಿಸುವ ವಾರ್ಫರಿನ್, ಕ್ಲೋಪಿಡೊಗ್ರೆಲ್, ಆಸ್ಪಿರಿನ್ ಅದರಲ್ಲಿದ್ದರೆ ಅರಿಸಿನ ಅಥವಾ ಶುಂಠಿಯ ಕ್ಯಾಪ್ಸೂಲ್ ಶುರು ಮಾಡುವ ಮೊದಲು ವೈದ್ಯರನ್ನು ಕೇಳಲೇಬೇಕು. ರಕ್ತಸ್ರಾವದ ಭಯ ಇರುತ್ತದೆ. ಪಿತ್ತಕೋಶದಲ್ಲಿ ಕಲ್ಲಿದ್ದವರಿಗೆ ಅರಿಸಿನದ ಕ್ಯಾಪ್ಸೂಲ್ ಬೇಡ. ಥೈರಾಯ್ಡ್ ಗುಳಿಗೆ ತೆಗೆದುಕೊಳ್ಳುವವರು ಅಶ್ವಗಂಧವನ್ನು ತಾವಾಗಿಯೇ ಶುರು ಮಾಡಬಾರದು. ಆಪರೇಷನ್ ದಿನ ಗೊತ್ತಾಗಿದ್ದರೆ ಎರಡು ವಾರ ಮೊದಲೇ ಇವನ್ನೆಲ್ಲ ನಿಲ್ಲಿಸಬೇಕು, ಮತ್ತು ತೆಗೆದುಕೊಳ್ಳುತ್ತಿದ್ದ ವಿಷಯ ಅಲ್ಲಿನ ವೈದ್ಯರಿಗೆ ಹೇಳಬೇಕು. "ಇದು ಬರೀ ಗಿಡಮೂಲಿಕೆ" ಅಂತ ಮುಚ್ಚಿಡುವವರೇ ಜಾಸ್ತಿ.

ಒಂದೇ ಒಂದನ್ನು ಆರಿಸಿ

ಈಗ ಅವ್ವನ ಪ್ರಶ್ನೆಗೆ ಬರೋಣ. ಒಂದು ಚಮಚ ಅರಿಸಿನ ಪುಡಿ ಸುಮಾರು 3 ಗ್ರಾಂ ತೂಗುತ್ತದೆ. ನೋವಿಗೆ ಕೆಲಸ ಮಾಡುವ ಕರ್ಕ್ಯುಮಿನ್ ಅದರಲ್ಲಿ ಸುಮಾರು 100 ಮಿಲಿಗ್ರಾಂ, ಅಷ್ಟೇ. ಅದರಲ್ಲೂ ಮೈಗೆ ಹತ್ತುವುದು ಬಹಳ ಸ್ವಲ್ಪ. ಕರಿಮೆಣಸಿನಲ್ಲಿರುವ ಪೈಪರಿನ್ ಜೊತೆಗಿದ್ದರೆ ಜಾಸ್ತಿ ಹತ್ತುತ್ತದೆ. ಅದಕ್ಕೇ ಅರಿಸಿನದ ಹಾಲಿಗೆ ಚೂರು ಮೆಣಸಿನ ಪುಡಿ ಹಾಕುವುದು ಒಳ್ಳೆಯ ರೂಢಿ. ಆದರೆ ಅಧ್ಯಯನಗಳಲ್ಲಿ ಕೊಟ್ಟ ಪ್ರಮಾಣ ಹಾಲಿನಿಂದ ಬರುವುದಿಲ್ಲ. ಥಾಯ್ಲೆಂಡಿನಲ್ಲಿ ಮೊಳಕಾಲು ಸವೆತದ 367 ಜನರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ದಿನಕ್ಕೆ 1,500 ಮಿಲಿಗ್ರಾಂ ಅರಿಸಿನದ ಸಾರ, ಇನ್ನೊಂದಕ್ಕೆ 1,200 ಮಿಲಿಗ್ರಾಂ ಐಬುಪ್ರೊಫೆನ್ ಎಂಬ ನೋವಿನ ಗುಳಿಗೆ. ನಾಲ್ಕು ವಾರ ಕಳೆದಾಗ ನೋವು ಎರಡೂ ಕಡೆ ಹೆಚ್ಚೂಕಡಿಮೆ ಒಂದೇ ಸಮ ಇಳಿದಿತ್ತು. ಹೊಟ್ಟೆಯ ತೊಂದರೆ ಅರಿಸಿನದವರಲ್ಲಿ ಕಡಿಮೆ. ಇದು ಪ್ರಕಟವಾಗಿದ್ದು 2014ರಲ್ಲಿ.

ಹಾಗಂತ ಕರಿಮೆಣಸಿನ ಸಾರ ಸೇರಿಸಿದ, ಕರ್ಕ್ಯುಮಿನ್ ಹೆಚ್ಚಿರುವ ಕ್ಯಾಪ್ಸೂಲ್ ಎಲ್ಲರಿಗೂ ನಿರಪಾಯ ಅಲ್ಲ. ಕೆಲವರಲ್ಲಿ ಲಿವರ್‌ಗೆ ಪೆಟ್ಟಾಗಿದ್ದು ದಾಖಲಾಗಿದೆ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ತಕ್ಷಣ ನಿಲ್ಲಿಸಿ, ವೈದ್ಯರಿಗೆ ತೋರಿಸಿ.

ಎರಡನೆಯದು ಶಲ್ಲಕಿ. ನಮ್ಮ ದೇಶದ ಒಣ ಕಾಡುಗಳಲ್ಲೇ ಬೆಳೆಯುವ ಮರ, ಅದರ ಅಂಟನ್ನು ಔಷಧಿಗೆ ಬಳಸುತ್ತಾರೆ. ಚೀಟಿಯ ಮೇಲೆ ಬೋಸ್ವೆಲಿಯಾ ಅಂತಲೂ ಬರೆದಿರುತ್ತದೆ. ನಾಗಪುರದಲ್ಲಿ 30 ಜನರಿಗೆ ಎಂಟು ವಾರ ಇದನ್ನು ಕೊಟ್ಟು ನೋಡಿದ್ದಾರೆ. 333 ಮಿಲಿಗ್ರಾಂ ಕ್ಯಾಪ್ಸೂಲ್, ದಿನಕ್ಕೆ ಮೂರು. 2003ರಲ್ಲಿ ಬಂದ ಆ ವರದಿಯ ಪ್ರಕಾರ ನೋವು, ಊತ ಇಳಿದವು, ನಡೆಯುವ ದೂರ ಹೆಚ್ಚಿತು. ಎಕ್ಸ್‌ರೇಯಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ಇದನ್ನು ದಯವಿಟ್ಟು ನೆನಪಿಡಿ. ಗಿಡಮೂಲಿಕೆ ನೋವು ತಗ್ಗಿಸಬಹುದು, ಸವೆದ ಪದರವನ್ನು ಮತ್ತೆ ಬೆಳೆಸುವುದಿಲ್ಲ. ಬೆಳೆಸುತ್ತೇವೆ ಅನ್ನುವವರಿಂದ ದೂರ ಇರಿ.

ಶುಂಠಿಯಿಂದ ಆಗುವ ಲಾಭ ಸಣ್ಣದು, ಎದೆ ಉರಿಯೂ ಬರಬಹುದು. ನುಂಗುವುದೇ ಬೇಡ ಅನ್ನುವವರಿಗೆ ಮೆಣಸಿನಕಾಯಿಯ ಖಾರದಿಂದ ಮಾಡಿದ ಕ್ಯಾಪ್ಸೈಸಿನ್ ಮುಲಾಮು ಇದೆ. ಹಚ್ಚಿದ ಮೇಲೆ ಕೈ ಚೆನ್ನಾಗಿ ತೊಳೆಯಿರಿ. ಮನೆಯ ಖಾರದ ಪುಡಿ ಅರೆದು ಹಚ್ಚಬೇಡಿ, ಚರ್ಮ ಸುಡುತ್ತದೆ. ಲಕ್ಕಿ ತಪ್ಪಲು ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಕಾಸುವುದು ನಮ್ಮ ಕಡೆ ಹಳೆಯ ರೂಢಿ. ಆ ಬಿಸಿ ಹಿತವಾಗಿರುತ್ತದೆ. ಎಕ್ಕೆ ಎಲೆ ಬಳಸುವವರು ಅದರ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ.

ಕೀಲುನೋವಿಗೆ ಅಂತ ಮಾರುವ ಗ್ಲುಕೋಸಮೈನ್ ಬಗ್ಗೆ ಒಂದು ಮಾತು. ಇದು ಸಾಮಾನ್ಯವಾಗಿ ಸಿಗಡಿ, ಏಡಿಯ ಚಿಪ್ಪಿನಿಂದ ತೆಗೆದದ್ದು. ಮಾಂಸ ಮುಟ್ಟದ ಎಷ್ಟೋ ಮನೆಗಳಲ್ಲಿ ಇದು ಗೊತ್ತಿಲ್ಲದೆ ನುಂಗುತ್ತಿದ್ದಾರೆ.

ಡಬ್ಬಿ ತಿರುಗಿಸಿ ಓದಿ

ಆಹಾರ ಪೂರಕವಾದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಗುರುತು ಮತ್ತು 14 ಅಂಕಿಯ ಲೈಸೆನ್ಸ್ ನಂಬರ್, ಜೊತೆಗೆ ಸಸ್ಯಾಹಾರದ ಹಸಿರು ಚುಕ್ಕೆ ಇದೆಯಾ ನೋಡಿ. ಆಯುರ್ವೇದ ಔಷಧಿಯಾದರೆ ತಯಾರಿಕೆಯ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನ ಇರಬೇಕು. ಒಂದು ಕ್ಯಾಪ್ಸೂಲ್‌ನಲ್ಲಿ ಎಷ್ಟು ಮಿಲಿಗ್ರಾಂ ಸಾರ ಇದೆ ಅಂತ ಬರೆದಿರದಿದ್ದರೆ ವಾಪಸ್ ಇಡಿ.

ಚೀಟಿಯೇ ಇಲ್ಲದ ಪುಡಿ ಮಾತ್ರ ಬೇಡವೇ ಬೇಡ. ನಮ್ಮ ಮನೆಯಲ್ಲೇ ಆಗಿದ್ದನ್ನು ಹೇಳುತ್ತೇನೆ. ಯಾರೋ ಜಾತ್ರೆಯಲ್ಲಿ ಕೊಟ್ಟ ಪುಡಿಯನ್ನು ಅವ್ವ ಎರಡು ತಿಂಗಳು ತಿಂದಳು. ಮೂರನೇ ದಿನಕ್ಕೇ ನೋವು ಮಾಯ! ನಾವೆಲ್ಲ ಖುಷಿಪಟ್ಟೆವು. ಆಮೇಲೆ ಮುಖ ದುಂಡಗೆ ಊದಿಕೊಂಡಿತು, ಸಕ್ಕರೆ ಏರಿತು. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿರಬೇಕು ಎಂದರು ವೈದ್ಯರು. ಅಂಥ ಪುಡಿಯನ್ನು ತಿಂಗಳುಗಟ್ಟಲೆ ತಿಂದವರು ಗಾಬರಿಯಾಗಿ ಥಟ್ಟನೆ ಬಿಡುವುದೂ ಅಪಾಯ. ಪುಡಿಯ ಪೊಟ್ಟಣ ಹಿಡಿದುಕೊಂಡೇ ವೈದ್ಯರ ಹತ್ತಿರ ಹೋಗಿ. ಮಕ್ಕಳಾದ ನಾವು ಅವತ್ತೇ ಕೇಳಬೇಕಿತ್ತು, ಇಷ್ಟು ಬೇಗ ನೋವು ಹೇಗೆ ಹೋಯಿತು ಅಂತ.

ವಹಿಯಲ್ಲಿ ಬರೆದಿಡಿ

ಶುರು ಮಾಡುವ ಹಿಂದಿನ ದಿನವೇ ಒಂದು ವಹಿ ತೆಗೆದುಕೊಳ್ಳಿ. ನೋವಿಗೆ 0ಯಿಂದ 10ರವರೆಗೆ ಒಂದು ಅಂಕಿ ಕೊಡಿ. ನೆಲದಿಂದ ಏಳಲು ಕೈ ಊರಬೇಕಾಯಿತಾ, ನೋವಿನ ಗುಳಿಗೆ ಎಷ್ಟು ಬೇಕಾಯಿತು, ಅದನ್ನೂ ಬರೆಯಿರಿ. ಊಟದ ನಂತರ ಕ್ಯಾಪ್ಸೂಲ್. ಎಂಟು ವಾರ ಇನ್ನೊಂದು ಮೂಲಿಕೆ ಸೇರಿಸಬೇಡಿ, ಇಲ್ಲದಿದ್ದರೆ ಯಾವುದು ಕೆಲಸ ಮಾಡಿತು ಅಂತ ತಿಳಿಯುವುದೇ ಇಲ್ಲ.

ಜೊತೆಗೆ ತೊಡೆಯ ಕಸರತ್ತು ಇರಲಿ. ಕುರ್ಚಿಯಲ್ಲಿ ಕೂತು ಒಂದು ಕಾಲು ನೇರ ಮಾಡಿ, ಐದು ಎಣಿಸಿ, ಇಳಿಸಿ. ಪ್ರತಿ ಕಾಲಿಗೆ ಹತ್ತು ಸಲ. ಮೈತೂಕ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಳಕಾಲಿನ ಮೇಲಿನ ಭಾರ ಸುಮಾರು 4 ಕಿಲೋ ಕಡಿಮೆ. ರೊಟ್ಟಿ ಬಡಿಯುವ ಒಲೆಯನ್ನು ನೆಲದಿಂದ ಕಟ್ಟೆಗೆ ಏರಿಸಿ. ಇಳಕಲ್ಲಿನ ಕುಣಿಮಗ್ಗದಲ್ಲಿ ಕೂಡುವವರು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ.

ಎಂಟು ವಾರದ ಮೇಲೆ ವಹಿ ತೆರೆಯಿರಿ. ಅಂಕಿ ಎರಡಾದರೂ ಇಳಿದಿದ್ದರೆ ವೈದ್ಯರಿಗೆ ತೋರಿಸಿ ಮುಂದುವರಿಸಿ. ಇಳಿದಿಲ್ಲವಾ, ನಿಲ್ಲಿಸಿ. ಎರಡು ವಾರ ಬಿಟ್ಟು ಇನ್ನೊಂದನ್ನು ನೋಡಬಹುದು. ಅವ್ವನಿಗೆ ಅರಿಸಿನದ ಕ್ಯಾಪ್ಸೂಲ್‌ನಿಂದ 7 ಇದ್ದದ್ದು 6ಕ್ಕೆ ಬಂತು, ಅಷ್ಟೇ. ಶಲ್ಲಕಿಯಿಂದ 4ಕ್ಕೆ ಇಳಿಯಿತು. ಈಗ ಅದನ್ನೇ ತೆಗೆದುಕೊಳ್ಳುತ್ತಿದ್ದಾಳೆ, ಹೊಲದ ಅರಿಸಿನ ಎಂದಿನಂತೆ ಸಾರಿಗೆ, ಹಾಲಿಗೆ.