ನಿಮ್ಮ ಬೀದಿಯ ಟೆಂಡರ್ ಅನ್ನು ನೀವೇ ಓದಿ

ರಸ್ತೆ ಕಿತ್ತುಹೋದ ಮೇಲೆ ಗುತ್ತಿಗೆದಾರನನ್ನು ಬೈಯುವುದು ರೂಢಿ. ಆದರೆ ರಸ್ತೆಯ ಹಣೆಬರಹ ಬಹುಮಟ್ಟಿಗೆ ತೀರ್ಮಾನವಾಗುವುದು ಜೆಸಿಬಿ ಬರುವ ಎಷ್ಟೋ ದಿನ ಮೊದಲು, ಟೆಂಡರ್ ಷರತ್ತು ಬರೆಯುವಾಗ. ಆ ಷರತ್ತುಗಳು ಗುಟ್ಟಿನ ಕಾಗದವಲ್ಲ. ಕರ್ನಾಟಕದಲ್ಲಿ ಸರ್ಕಾರಿ ಖರೀದಿ, ಕಾಮಗಾರಿಗಳಿಗೆಂದೇ 1999ರ ಪಾರದರ್ಶಕತೆ ಕಾಯ್ದೆ ಇದೆ. ಕಚೇರಿಗಳಲ್ಲಿ ಇದನ್ನು ಕೆಟಿಪಿಪಿ ಎಂದೇ ಕರೆಯುತ್ತಾರೆ. ಅದು 2000ದಿಂದ ಜಾರಿಯಲ್ಲಿದೆ. ಅದು ಕೊಟ್ಟಿರುವ ಅವಕಾಶವನ್ನು ಊರಿನವರು ಬಳಸಿಕೊಳ್ಳುವುದು ಹೇಗೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಟೆಂಡರ್ ಹುಡುಕಿ

ರಾಜ್ಯದ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್ ಕೆಪಿಪಿಪಿಯಲ್ಲಿ ಇಲಾಖೆ, ಜಿಲ್ಲೆ ಅಥವಾ ಕಾಮಗಾರಿಯ ಹೆಸರಿನಿಂದ ಹುಡುಕಿ. ಸಿಕ್ಕ ಕೂಡಲೇ ಟೆಂಡರ್ ಸಂಖ್ಯೆ ಬರೆದಿಟ್ಟುಕೊಳ್ಳಿ, ಮುಂದಿನ ಪ್ರತಿ ಅರ್ಜಿಗೂ ಅದು ಬೇಕು. ಟೆಂಡರ್ ಸಿಗದಿದ್ದರೆ ಎರಡು ಪ್ರಶ್ನೆ ಕೇಳಿ. ಒಂದು, ಕಾಮಗಾರಿ 5 ಲಕ್ಷ ರೂಪಾಯಿಯೊಳಗಿನದೇ? ಹಾಗಿದ್ದರೆ ಕಾಯ್ದೆಯೇ ಟೆಂಡರ್‌ನಿಂದ ವಿನಾಯಿತಿ ಕೊಡುತ್ತದೆ. ಆದರೆ ಒಂದೇ ಬೀದಿಯ ಚರಂಡಿ 4.90 ಲಕ್ಷದ ಮೂರು ತುಂಡುಗಳಾಗಿದ್ದರೆ ತುಂಡು ಮಾಡಿದ್ದೇಕೆ ಎಂದು ಲಿಖಿತವಾಗಿ ಕೇಳಿ. ಎರಡು, ಇದೇ ಕಾಯ್ದೆಯ 4(ಜಿ) ಕಲಮಿನ ವಿನಾಯಿತಿ ಸಿಕ್ಕಿದೆಯೇ? ಇದು ಸರ್ಕಾರವೇ ಅಧಿಸೂಚನೆ ಹೊರಡಿಸಿ ಕೊಡುವ ವಿನಾಯಿತಿ. ಟೆಂಡರ್ ಇಲ್ಲದೆ ನೇರವಾಗಿ ಒಂದು ಸಂಸ್ಥೆಗೆ ಕೆಲಸ ವಹಿಸಲು ಈ ದಾರಿ ಇದೆ. ತುರ್ತಿಗೆ ಬೇಕಾದ ದಾರಿ ಅದು, ನಿಜ; ಆದರೆ ವಿನಾಯಿತಿಯೇ ವಾಡಿಕೆಯಾಗುವುದನ್ನು ನಾನು ಒಪ್ಪುವುದಿಲ್ಲ. ಅಧಿಸೂಚನೆಯ ಪ್ರತಿ ಕೇಳುವ ಹಕ್ಕು ನಿಮಗಿದೆ.

ದಿನಾಂಕಗಳನ್ನು ನೋಡಿ

ಪ್ರಕಟಣೆಯ ದಿನಕ್ಕೂ ಟೆಂಡರ್ ಸಲ್ಲಿಸುವ ಕೊನೆಯ ದಿನಕ್ಕೂ ನಡುವೆ ಕನಿಷ್ಠ ಇಷ್ಟು ದಿನ ಇರಬೇಕೆಂದು ನಿಯಮವಿದೆ. 2 ಕೋಟಿ ರೂಪಾಯಿವರೆಗಿನ ಕಾಮಗಾರಿಗೆ ಒಂದು ಲೆಕ್ಕ, ಅದಕ್ಕಿಂತ ದೊಡ್ಡದಕ್ಕೆ ಇನ್ನೊಂದು. ಅವಧಿ ಕಡಿಮೆ ಮಾಡಬೇಕಾದರೆ ಮೇಲಧಿಕಾರಿ ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು. ‘ಅಲ್ಪಾವಧಿ ಟೆಂಡರ್’ ಎಂಬ ಪದ ಕಂಡರೆ ಆ ಕಾರಣದ ಟಿಪ್ಪಣಿಯನ್ನು ಕೇಳಿ.

ಅರ್ಹತಾ ಷರತ್ತಿನಲ್ಲಿ ನಿಲ್ಲಿ

ಇಲ್ಲಿ ಆತುರ ಬೇಡ. ಗುತ್ತಿಗೆದಾರನ ವಾರ್ಷಿಕ ವಹಿವಾಟು ಎಷ್ಟಿರಬೇಕು, ಇಂಥದೇ ಕೆಲಸ ಹಿಂದೆ ಎಷ್ಟು ಮಾಡಿರಬೇಕು, ಯಾವ ಯಂತ್ರ ಇರಬೇಕು ಎಂಬುದೆಲ್ಲ ಈ ಪುಟಗಳಲ್ಲಿರುತ್ತದೆ. ಇವೆಲ್ಲ ಬೇಕಾದ ಷರತ್ತುಗಳೇ. ಅನುಭವವಿಲ್ಲದವರ ಕೈಗೆ ಸೇತುವೆ ಕೊಡಲಾಗದು. ಆದರೆ 80 ಲಕ್ಷದ ಬಡಾವಣೆ ರಸ್ತೆಗೆ ‘ಸ್ಥಳದಿಂದ ಹತ್ತು ಕಿಲೋಮೀಟರ್ ಒಳಗೆ ಸ್ವಂತ ಕಾಂಕ್ರೀಟ್ ಮಿಶ್ರಣ ಘಟಕ ಇರಬೇಕು’ ಎಂದು ಬರೆದರು ಅನ್ನಿ. ಬಾಡಿಗೆ ಘಟಕ ಏಕೆ ಆಗದು? ಹತ್ತೇ ಕಿಲೋಮೀಟರ್ ಏಕೆ? ತಾಲ್ಲೂಕಿನಲ್ಲಿ ಅಂಥ ಘಟಕ ಒಬ್ಬರಿಗೇ ಇದ್ದರೆ ಆ ಒಂದು ಸಾಲಿಗೆ ಪೈಪೋಟಿ ಮುಗಿಯಿತು. ಸಿಮೆಂಟ್, ಪೈಪು, ಕಂಪ್ಯೂಟರ್ ಖರೀದಿಯಲ್ಲಿ ಗುಣಮಟ್ಟದ ಬದಲು ಒಂದೇ ಕಂಪನಿಯ ಹೆಸರು ಬರೆದಿದ್ದರೂ ಅಷ್ಟೇ. ಆಕ್ಷೇಪಣೆಯನ್ನು ಕೊನೆಯ ದಿನಾಂಕಕ್ಕೆ ಮೊದಲೇ ಟೆಂಡರ್ ಕರೆದ ಅಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಕಾರ್ಯಾದೇಶ ಹೊರಟ ಮೇಲೆ ಅದೇ ಪತ್ರಕ್ಕೆ ಅಷ್ಟು ಬೆಲೆ ಇರುವುದಿಲ್ಲ.

ಅಧಿಕಾರಿ ಕಳ್ಳನೇ ಎಂದು ಮೊದಲೇ ತೀರ್ಮಾನಿಸಿ ಹೋಗಬೇಡಿ. ಟೆಂಡರ್ ದಾಖಲೆ ಸಿದ್ಧಮಾಡುವುದು ಪರಿಣತಿಯ ಕೆಲಸ. ಹತ್ತು ಕೆಲಸದ ನಡುವೆ ಹಳೆಯ ಕಡತದ ಷರತ್ತನ್ನು ಹಾಗೇ ನಕಲು ಮಾಡಿರಲೂಬಹುದು. ಪ್ರಾಮಾಣಿಕ ಎಂಜಿನಿಯರ್‌ಗೆ ಒತ್ತಡ ಬಂದಾಗ ನಿಮ್ಮ ಪತ್ರವೇ ಆಸರೆ.

ಅಂದಾಜು ಪಟ್ಟಿಯ ಲೆಕ್ಕ ಮಾಡಿ

ಇದಕ್ಕೆ ಟೇಪು ಮತ್ತು ಗುಣಾಕಾರ ಸಾಕು. ರಸ್ತೆ 100 ಮೀಟರ್ ಉದ್ದ, 4 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪ ಎಂದಾದರೆ ಕಾಂಕ್ರೀಟ್ 60 ಘನ ಮೀಟರ್. ಪಟ್ಟಿಯಲ್ಲಿ 75 ಇದ್ದರೆ ಉಳಿದ 15 ಎಲ್ಲಿ ಸುರಿಯುತ್ತಾರೆಂದು ಕೇಳಿ. ದರವನ್ನು ಇಲಾಖೆಯ ದರಪಟ್ಟಿ, ಅಂದರೆ ಎಸ್‌ಆರ್ ಜೊತೆ ಹೋಲಿಸಿ.

ಟೆಂಡರ್ ತೆರೆದ ಮೇಲೆ

ಎರಡು ಲಕೋಟೆ ಪದ್ಧತಿಯಲ್ಲಿ ಮೊದಲು ತಾಂತ್ರಿಕ ಅರ್ಹತೆ, ಅದರಲ್ಲಿ ಗೆದ್ದವರದು ಮಾತ್ರ ಆರ್ಥಿಕ ಲಕೋಟೆ. ಕಡಿಮೆ ದರ ಹಾಕಿದವರು ಮೊದಲ ಹಂತದಲ್ಲೇ ಬಿದ್ದುಹೋಗುವುದುಂಟು. ಟೆಂಡರ್ ದಾಖಲೆಯಲ್ಲಿ ಬರೆದ, ಅಳೆಯಬಹುದಾದ ಅಂಶಗಳ ಮೇಲೇ ಆಯ್ಕೆ ನಡೆಯಬೇಕು ಎನ್ನುತ್ತದೆ ಕಾಯ್ದೆ. ಆದ್ದರಿಂದ ‘ಅನರ್ಹ’ ಎಂಬ ಒಂದು ಪದ ಸಾಲದು, ಯಾವ ಷರತ್ತಿಗೆ ಅನರ್ಹ ಎಂಬುದು ವರದಿಯಲ್ಲಿರಬೇಕು. ಟೆಂಡರ್ ಹಾಕಿದವರು 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಉಳಿದವರಿಗೆ ಮಾಹಿತಿ ಹಕ್ಕು.

ಅರ್ಜಿ ಬರೆಯುವ ಬಗೆ

ಕರ್ನಾಟಕದಲ್ಲಿ ಮಾಹಿತಿ ಹಕ್ಕು ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಶುಲ್ಕ 10 ರೂಪಾಯಿ. ‘ಭ್ರಷ್ಟಾಚಾರ ಏಕೆ ನಡೆದಿದೆ?’ ಎಂದು ಬರೆದರೆ ಉತ್ತರ ಬರುವುದಿಲ್ಲ. ದಾಖಲೆಯ ಹೆಸರು ಹಿಡಿದು ಕೇಳಿ: ‘ಟೆಂಡರ್ ಸಂಖ್ಯೆ ಇಂಥದರ ತಾಂತ್ರಿಕ ಮೌಲ್ಯಮಾಪನ ವರದಿ, ದರಗಳ ತುಲನಾತ್ಮಕ ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು ಮತ್ತು ಗುಣಮಟ್ಟ ಪರೀಕ್ಷಾ ವರದಿಯ ದೃಢೀಕೃತ ಪ್ರತಿ ಕೊಡಿ.’ 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ. ಇನ್ನೊಂದನ್ನು ಬಹಳ ಜನ ಬಳಸುವುದೇ ಇಲ್ಲ: 2005ರ ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಕಲಮಿನ ಪ್ರಕಾರ ಕಾಮಗಾರಿಯನ್ನೇ ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ನಿಮ್ಮದು. ಅಳತೆ ಪುಸ್ತಕದಲ್ಲಿ 15 ಸೆಂಟಿಮೀಟರ್ ಎಂದಿದ್ದು, ರಸ್ತೆಯ ಅಂಚಿನಲ್ಲಿ ಸ್ಕೇಲ್ ಇಟ್ಟರೆ 10 ತೋರಿಸಿದರೆ ಅಲ್ಲೇ ಫೋಟೊ ತೆಗೆಯಿರಿ.

ಕೊನೆಯದಾಗಿ, ಒಪ್ಪಂದದಲ್ಲಿ ದೋಷ ಹೊಣೆಗಾರಿಕೆ ಅವಧಿ ಎಲ್ಲಿಯವರೆಗೆ ಇದೆಯೆಂದು ನೋಡಿ. ಅಷ್ಟು ಕಾಲ ಗುತ್ತಿಗೆದಾರ ತನ್ನ ಖರ್ಚಿನಲ್ಲೇ ದುರಸ್ತಿ ಮಾಡಬೇಕು. ಅವಧಿ ಮುಗಿಯುವ ತಿಂಗಳ ಮೊದಲೇ ಬಿರುಕು, ಗುಂಡಿಗಳ ಫೋಟೊ ಸಹಿತ ಕಾರ್ಯಪಾಲಕ ಎಂಜಿನಿಯರ್‌ಗೆ ಪತ್ರ ಕೊಡಿ. ಗುತ್ತಿಗೆದಾರ ಇಟ್ಟ ಠೇವಣಿ ವಾಪಸಾದ ಮೇಲೆ ಅದೇ ಗುಂಡಿಗೆ ಮತ್ತೆ ನಮ್ಮ ತೆರಿಗೆಯ ಹಣವೇ ಬೀಳುತ್ತದೆ.