‘ಬಾಡಿಗೆ ಪೊಲೀಸ್’ ಅನ್ನಿಸಿಕೊಂಡು ಡ್ಯೂಟಿ ಮಾಡೋದು

ಶಿರಸಿ ಪೇಟೆಯಲ್ಲಿ ಪಾರ್ಕಿಂಗ್ ಡ್ಯೂಟಿ ಮಾಡುವ ಹೋಂ ಗಾರ್ಡ್ ನಾನು. ದಂಡ ಹಾಕುವ ಅಧಿಕಾರ ನಮಗಿಲ್ಲ, ಕೈಯಲ್ಲಿ ದಂಡದ ರಸೀದಿ ಕೊಡುವ ಮಷಿನ್ನೂ ಇಲ್ಲ, ಇರೋದು ಒಂದು ಸೀಟಿ. ಹಾಗಾಗಿ ಬೈಗುಳದಲ್ಲಿ ನಮ್ಮ ಪಾಲು ಜಾಸ್ತಿ. ಎಎಸ್‌ಐ ಸಾಹೇಬ್ರ ಎದುರು ಬಾಯಿ ಬಿಡದವರೂ ನಮಗೆ ‘ಬಾಡಿಗೆ ಪೊಲೀಸ್’, ‘ಸೀಟಿ ಪುಢಾರಿ’ ಅಂತ ಹೆಸರಿಡುತ್ತಾರೆ.

ಮಂಗಳವಾರ ಸಂತೆ ದಿನ ನೋಡಬೇಕು. ಮೊದಲೇ ಕಿರಿದಾದ ರಸ್ತೆ, ಅದರ ಬಾಯಿಗೇ ಕಾರು ತಂದು ನಿಲ್ಲಿಸಿ ‘ಐದೇ ನಿಮಿಷ ಮಾರಾಯಾ’ ಅಂತ ಹೋದವರು ಅಡಿಕೆ ರೇಟು, ಮದುವೆ ಮನೆ ಸುದ್ದಿ ಎಲ್ಲ ಮುಗಿಸಿಯೇ ಬರೋದು. ಹಿಂದೆ ಬಸ್ಸು ಹಾರ್ನ್ ಹೊಡೀತಾ ನಿಂತಿರುತ್ತದೆ. ಹೀಗೆ ಬೇರೆಯವರಿಗೆ ಅಡ್ಡಿಯಾಗುವಂತೆ ಗಾಡಿ ಬಿಟ್ಟು ಹೋಗೋದು 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಪ್ರಕಾರ ತಪ್ಪು. ಆದರೆ ಬೈಯುತ್ತಿರುವವರ ಹತ್ತಿರ ಕಲಂ ಹೇಳಿದರೆ ಬೆಂಕಿಗೆ ತುಪ್ಪ ಸುರಿದ ಹಾಗೆ. ನಾನು ಹೇಳೋದೇ ಇಲ್ಲ.

ನಾನು ಮಾಡೋದು ಇಷ್ಟೇ. ಬಾನೆಟ್ ಎದುರು ಅಡ್ಡ ನಿಲ್ಲೋದಿಲ್ಲ, ಡ್ರೈವರ್ ಕಿಟಕಿ ಪಕ್ಕ ಸ್ವಲ್ಪ ದೂರದಲ್ಲಿ ನಿಲ್ಲುತ್ತೇನೆ. ಸೀಟಿ ಒಂದೇ ಸಲ. ಗಾಡಿಗೆ ತಟ್ಟೋದಿಲ್ಲ, ಕೀಗೆ ಕೈ ಹಾಕೋದು ಅಂತೂ ಇಲ್ಲವೇ ಇಲ್ಲ, ಅರ್ಧ ಜಗಳ ಹುಟ್ಟೋದೇ ಅಲ್ಲಿ. ‘ತೆಗೀರಿ’ ಅನ್ನೋ ಮೊದಲು ‘ಅಲ್ಲಿ ಮುಂದೆ ಜಾಗ ಇದೆ ನೋಡಿ’ ಅಂತೀನಿ. ಅದಕ್ಕೇ ಡ್ಯೂಟಿ ಶುರುವಾಗುವ ಮೊದಲು ಒಂದು ಸುತ್ತು ಹೋಗಿ ಎಲ್ಲೆಲ್ಲಿ ಜಾಗ ಇದೆ ಅಂತ ನೋಡಿಕೊಂಡಿರುತ್ತೇನೆ. ‘ನಾನ್ಯಾರು ಗೊತ್ತಾ?’ ಅಂತ ಫೋನ್ ತೆಗೆದವರಿಗೆ, ‘ಮಾತಾಡಿ ಸರ್, ಗಾಡಿ ಒಂಚೂರು ಸೈಡಿಗೆ ಹಾಕಿ ಮಾತಾಡಿ.’ ಹೆಸರಿಟ್ಟು ಬೈದರೆ ಅದಕ್ಕೆ ಉತ್ತರ ಕೊಡೋದಿಲ್ಲ. ‘ಕೆಎ 31, ಬಿಳಿ ಕಾರು, ಮುಂದೆ ಹೋಗಿ’ ಅಂತ ಗಾಡಿ ಜೊತೆಗೇ ಮಾತಾಡುತ್ತೇನೆ. ವಿಡಿಯೋ ಮಾಡ್ತಾರಾ, ಮಾಡಲಿ, ಕೈ ಹಿಂದೆ ಕಟ್ಟಿಕೊಂಡು ನಿಲ್ಲೋದು.

ಅವಾಚ್ಯ ಬೈಗುಳ ಸಂಜೆಗೆ ಮರೆತು ಹೋಗುತ್ತದೆ. ಒಮ್ಮೆ ಸ್ಕೂಟಿಯಲ್ಲಿದ್ದ ಒಬ್ಬರು, ನನ್ನ ಹತ್ತಿರ ಒಂದು ಮಾತೂ ಆಡದೆ, ಹಿಂದೆ ಕೂತ ಮಗನಿಗೆ ‘ನೋಡು, ಓದದಿದ್ರೆ ಹೀಗೆ ಸೀಟಿ ಊದ್ಬೇಕಾಗ್ತದೆ’ ಅಂದರು. ಆ ಹುಡುಗ ನನ್ನ ಬೂಟಿನಿಂದ ಟೋಪಿವರೆಗೂ ನೋಡಿದ. ಅದಕ್ಕೆ ಏನು ಹೇಳೋದು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. (ನಾನು ಪಿಯುಸಿ ಪಾಸು, ಇರಲಿ ಬಿಡಿ.)

ಜನರ ಸಿಟ್ಟಿನಲ್ಲಿ ನ್ಯಾಯವೂ ಇದೆ ಅನ್ನಿ. ಪೇಟೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಎಲ್ಲಿದೆ? ಆ ಪ್ರಶ್ನೆ ಕೇಳಬೇಕಾದವರನ್ನು ಬಿಟ್ಟು, ಬಿಸಿಲಲ್ಲಿ ನಿಂತವನು ಕೈಗೆ ಸಿಗ್ತಾನೆ ಅಂತ ನಮ್ಮನ್ನೇ ಬೈತಾರೆ.

ವಿಚಿತ್ರ ಅಂದ್ರೆ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ಬರುವ ಪರವೂರಿನವರದ್ದು ಇಷ್ಟು ಗಲಾಟೆ ಇಲ್ಲ. ಜಾತ್ರೆ ನಡೆಯುವ ಬಿಡ್ಕಿಬೈಲಿಗೆ ಅಷ್ಟು ದೂರದಿಂದ ನಡೀಬೇಕಾ ಅಂತ ಗೊಣಗುತ್ತಾರೆ, ಆದರೆ ಹೇಳಿದ ಕಡೆ ನಿಲ್ಲಿಸಿ ನಡೆದು ಹೋಗುತ್ತಾರೆ. ನಮ್ಮೂರಿನವರೇ ಬ್ಯಾರಿಕೇಡ್ ಸರಿಸಲು ಬರೋದು, ಅದೂ ‘ನಮ್ಮ ಮನೆ ಇಲ್ಲೇ’ ಅಂತ. ಕೊನೆಗೆ ಸಾಹೇಬ್ರು ಬಂದು ಮಷಿನ್ ತೆಗೆದರೆ, ‘ಇವ್ರು ಮೊದ್ಲೇ ಸರಿಯಾಗಿ ಹೇಳಿದ್ರೆ ತೆಗೀತಿದ್ದೆ ಸಾರ್’ ಅಂತ ಅದಕ್ಕೂ ನನ್ನ ಕಡೆಗೇ ಬೆರಳು.