ಹಳೆಯ ಟೇಪಿನ ಸಂಗೀತವನ್ನು ಐದು ಸ್ಪೀಕರ್‌ಗಳಲ್ಲಿ ಕೇಳುವುದು ಹೇಗೆ?

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಹಳೆಯ ಧ್ವನಿಮುದ್ರಣಗಳು ಮಲ್ಟಿಚಾನೆಲ್ ಎಸ್‌ಎಸಿಡಿಯಾಗಿ (ಒಂದೊಂದು ಸ್ಪೀಕರಿಗೂ ಬೇರೆ ಚಾನೆಲಿನ ದನಿ ಕೊಡಬಲ್ಲ ಸಿಡಿಯಂಥ ಡಿಸ್ಕ್) ಮತ್ತೆ ಬಂದಿವೆ. ಬೆಂಗಳೂರಿನ ಫ್ಲ್ಯಾಟಿನ ಹಾಲ್‌ನಲ್ಲೂ ಅವನ್ನು ಸೊಗಸಾಗಿ ಕೇಳಬಹುದು. ಆದರೆ ಸ್ಪೀಕರಿಗೆ ದುಡ್ಡು ಸುರಿಯುವ ಮೊದಲು ಮೂಲ ಟೇಪಿನ ಜಾತಕ ನೋಡಿ.

ಮೊದಲು, ಮೂಲದಲ್ಲಿ ಎಷ್ಟು ಚಾನೆಲ್ ಇತ್ತು ಎಂದು ತಿಳಿಯಿರಿ. 1970ರ ದಶಕದಲ್ಲಿ ಫಿಲಿಪ್ಸ್ ಕಂಪನಿ ಅನೇಕ ಸಂಗೀತ ಕೃತಿಗಳನ್ನು ನಾಲ್ಕು ಚಾನೆಲ್‌ಗಳಲ್ಲಿ ಮುದ್ರಿಸಿಕೊಂಡರೂ ಎಲ್‌ಪಿ ತಂದದ್ದು ಸ್ಟೀರಿಯೊದಲ್ಲಿ. ಹಿಂಬದಿಯ ಚಾನೆಲ್‌ಗಳಲ್ಲಿದ್ದ ಸಭಾಂಗಣದ ಅನುರಣನ ದಶಕಗಳ ಕಾಲ ಯಾರ ಕಿವಿಗೂ ಬೀಳಲಿಲ್ಲ. ಫಿಲಿಪ್ಸ್‌ನಲ್ಲಿದ್ದವರೇ 2001ರಲ್ಲಿ ಕಟ್ಟಿದ ಪೆಂಟಟೋನ್ ಸಂಸ್ಥೆ ಆ ಟೇಪುಗಳನ್ನು ಹೊರತಂದಿತು. ಇವುಗಳಲ್ಲಿ ನಡುವಿನ ಸ್ಪೀಕರ್ ಸುಮ್ಮನಿರುತ್ತದೆ. ಆರ್‌ಸಿಎ ಕಂಪನಿಯ 'ಲಿವಿಂಗ್ ಸ್ಟೀರಿಯೊ' ಮಾಲೆಯ ಮೂರು ಟ್ರ್ಯಾಕಿನ ಮುದ್ರಣಗಳಲ್ಲಿ ಹಿಂದಿನವು ಮೌನ. ಎರಡೂ ಸರಿಯೇ, ಯಂತ್ರ ಕೆಟ್ಟಿಲ್ಲ. ನಮ್ಮ ಜಯಚಾಮರಾಜ ಒಡೆಯರು ನೆರವಿತ್ತು 1940ರ ದಶಕದ ಕೊನೆಯಲ್ಲಿ ಮಾಡಿಸಿದ ರಷ್ಯನ್ ಸಂಯೋಜಕ ಮೆಡ್ಟ್‌ನರ್ ಮುದ್ರಣಗಳು ಮಾನೊ, ಅಂದರೆ ಒಂದೇ ಚಾನೆಲ್. ಅಂಥವನ್ನು ಐದು ದಿಕ್ಕಿಗೆ ಹರಡಿ ಮಾರಿದರೆ ಕೊಳ್ಳಲೇಬೇಡಿ. ಅವುಗಳ ಚೆಲುವು ಇದ್ದಂತೆ ಕೇಳಿದಾಗಲೇ.

ಮುಂದೆ, ಎಸ್‌ಎಸಿಡಿ ಓದಬಲ್ಲ ಬ್ಲೂ-ರೇ ಪ್ಲೇಯರನ್ನು ಎಚ್‌ಡಿಎಂಐ ಕೇಬಲಿನಿಂದ ಎವಿ ರಿಸೀವರಿಗೆ (ಸ್ಪೀಕರುಗಳಿಗೆ ದನಿ ಹಂಚುವ ಆಂಪ್ಲಿಫೈಯರ್) ಜೋಡಿಸಿ. ಪ್ಲೇಯರಿನ ಮೆನುವಿನಲ್ಲಿ ಮಲ್ಟಿಚಾನೆಲ್ ಪದರವನ್ನೇ ಆರಿಸಿ. ಹೈಬ್ರಿಡ್ ಡಿಸ್ಕಿನಲ್ಲಿ ಸಿಡಿ ಪದರವೂ ಇರುವುದರಿಂದ ತಪ್ಪು ಪದರ ನುಡಿಯುತ್ತಿದ್ದರೂ ಗೊತ್ತಾಗುವುದಿಲ್ಲ.

ಇನ್ನು ಸ್ಪೀಕರುಗಳ ಜಾಗ. ಕೂರುವ ಕುರ್ಚಿಯಿಂದ, ನೇರ ಎದುರನ್ನು ಸೊನ್ನೆ ಡಿಗ್ರಿ ಎಂದುಕೊಂಡು, ಮುಂದಿನ ಎರಡು ಸ್ಪೀಕರ್ ಎಡಬಲಕ್ಕೆ 30 ಡಿಗ್ರಿಯಲ್ಲಿ, ಹಿಂದಿನವು ಸುಮಾರು 110 ಡಿಗ್ರಿಯಲ್ಲಿ ಇರಲಿ. ಸೋಫಾ ಗೋಡೆಗೆ ಅಂಟಿದ್ದರೆ ಸ್ವಲ್ಪ ಮುಂದಕ್ಕೆಳೆಯಿರಿ. ನಮ್ಮ ಮನೆಗಳ ಟೈಲ್ಸ್ ನೆಲ ದನಿಯನ್ನು ಚಿಮ್ಮಿಸಿ ಪಿಟೀಲುಗಳನ್ನು ಕರ್ಕಶವಾಗಿಸುತ್ತದೆ. ದಪ್ಪ ಜಮಖಾನೆ ಹಾಸಿ, ಕಿಟಕಿಗೆ ಭಾರದ ಪರದೆ ಹಾಕಿ. ದುಬಾರಿ ಕೇಬಲಿಗಿಂತ ಇದರಿಂದ ಲಾಭ ಹೆಚ್ಚು. ರಸ್ತೆಯ ಹಾರ್ನ್ ತಗ್ಗಿದ ಬೆಳಗಿನ ಜಾವ ಕೇಳಿದರೆ ಮೆಲುದನಿಯ ಭಾಗಗಳೂ ಸಿಗುತ್ತವೆ.

ಕೊನೆಗೆ, ರಿಸೀವರಿನ ಪರೀಕ್ಷಾ ಸದ್ದಿನಿಂದ ಎಲ್ಲ ಸ್ಪೀಕರುಗಳ ಮಟ್ಟವನ್ನು ಸಮ ಮಾಡಿ. ಹಿಂದಿನವನ್ನು ಜೋರು ಮಾಡುವ ಆಸೆ ಬರುತ್ತದೆ, ಮಾಡಬೇಡಿ. ಆರ್ಕೆಸ್ಟ್ರಾ ಎದುರಿಗೇ ಇರಬೇಕು. ಕಾಲಿನ್ ಡೇವಿಸ್ ನಿರ್ದೇಶನದಲ್ಲಿ ಬಾಸ್ಟನ್ ಸಿಂಫನಿ ನುಡಿಸಿರುವ, ಫಿನ್ಲೆಂಡಿನ ಸಂಯೋಜಕ ಸಿಬೇಲಿಯಸ್‌ನ ಸಿಂಫನಿಗಳಿಂದ ಆರಂಭಿಸಿ.